ರಾಡಿಯ ಪುರಾವೆ

ರೋಣದ ಗೋಣಿಚೀಲದ ವ್ಯಾಪಾರಿ ತೋಟಪ್ಪ ಈವರೆಗೆ ಒಂದು ಇಲಿಯನ್ನೂ ಕೊಂದವನಲ್ಲ; ಅವನ ಚೀಲಗಳ ತೂತು ನೋಡಿದರೆ ಗೊತ್ತಾಗುತ್ತದೆ. ಆದರೆ ಅಂಗಡಿಯ ಕಂಪ್ಯೂಟರಿನ ಯುದ್ಧದಾಟದಲ್ಲಿ ಅವನು ದೊಡ್ಡ ಸೇನಾಪತಿ. ಆಟ ನಿಜವಾದ ಯುದ್ಧದಂತೆಯೇ ಇರಬೇಕು, ಮಳೆಯಾದರೆ ಟ್ಯಾಂಕು ರಾಡಿಯಲ್ಲಿ ಸಿಕ್ಕಿಬೀಳಲೇಬೇಕು ಎಂಬುದು ಅವನ ಹಟ. ಟ್ಯಾಂಕು ಸಿಕ್ಕಿಬೀಳುವುದು ಸುಳ್ಳೆಂದು ಗಜೇಂದ್ರಗಡದ ಗೆಳೆಯ ಅಯಾಜನ ವಾದ. ವಾಟ್ಸಾಪ್ ಗುಂಪಿನಲ್ಲಿ ಈ ಜಗಳ ಎಷ್ಟು ದಿನ ನಡೆಯಿತೆಂದರೆ, ಅಷ್ಟರಲ್ಲಿ ನಿಜವಾದ ಯುದ್ಧಗಳೇ ಮುಗಿದುಹೋಗುತ್ತವೆ.

ಮೊನ್ನೆ ಮಳೆ ನಿಂತ ಮೇಲೆ ಹೆಂಡತಿ ನಿರ್ಮಲಾಳನ್ನು ಬೈಕಿನ ಮೇಲೆ ಕೂರಿಸಿಕೊಂಡು ಬೆಳವಣಕಿಗೆ ಬಸುರಿ ನೆಂಟಳ ಕುಬಸದ ಊಟಕ್ಕೆ ಹೊರಟ. ಡಾಂಬರು ರಸ್ತೆ ಬಿಟ್ಟು, ಶತ್ರುವಿಗೆ ಕಾಣದ ದಾರಿಯೆಂದು ಜಿಗುಟು ಕಪ್ಪುಮಣ್ಣಿನ ಎರೆಹೊಲದ ದಾರಿ ಹಿಡಿದ. ಅರ್ಧ ದಾರಿಯಲ್ಲಿ ಗಾಲಿ ಹೂತುಹೋಯಿತು.

ನಿರ್ಮಲಾ ಹೊಸ ಸೀರೆ ಎತ್ತಿ ಕಟ್ಟಿ ಹಿಂದಿನಿಂದ ದೂಡತೊಡಗಿದಳು. ತೋಟಪ್ಪನ ಮುಖ ಮಾತ್ರ ಅರಳಿತು. ಇಳಿದು, ಹೂತ ಗಾಲಿಯ ಫೋಟೋಗಳನ್ನು ನಾಲ್ಕೂ ದಿಕ್ಕಿನಿಂದ ತೆಗೆದ.

"ಅಯಾಜಗ ಕಳಸ್ತೀನಿ. ಈಗರ ನಂಬ್ತಾನ" ಎಂದ.

ನಿರ್ಮಲಾ ಕೆನ್ನೆಯ ರಾಡಿ ಒರೆಸಿಕೊಂಡಳು.

"ಕಳಸ್ರಿ. ಹಂಗ, ನಿಮ್ಮ ಆಟದಾಗ ಟ್ಯಾಂಕ ದೂಡಾಕ ಹಿಂದ ಹೇಂತಿ ಇರ್ತಾಳೇನು, ಅದನ್ನೂ ಕೇಳ್ರಿ."