ವಾಮನಣ್ಣನ ಬೆಲಾರೂಸಿಯನ್

ಕೊಲ್ಲಿ ನಾಡಿನ ಅಲ್ ನಹ್ದಾದ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಪಕ್ಕದ ಫ್ಲ್ಯಾಟಿನ ವಾಮನಣ್ಣ ಸಿಕ್ಕರೆ ಮುಗಿಯಿತು, ಬೆಲಾರೂಸಿಯನ್ ಭಾಷೆಯಲ್ಲಿ ಮ್ಯೂಸಿಯಂಗೆ ದಾರಿ ಕೇಳುತ್ತಿದ್ದರು. ಕೆಳಗೆ ಇಳಿಯುವುದರೊಳಗೆ ಎರಡು ಟಿಕೆಟನ್ನೂ ಕೇಳಿಬಿಡುತ್ತಿದ್ದರು. ವಾಚ್‌ಮನ್ ಅವರನ್ನು ಕಂಡರೆ ಮೆಟ್ಟಿಲು ಹತ್ತಿಕೊಂಡೇ ಹೋಗುತ್ತಿದ್ದ.

ನಿವೃತ್ತಿಗೆ ಹತ್ತಿರವಾಗಿದ್ದ ಈ ಉಡುಪಿಯವರಿಗೆ ಹಾಗೆ ಹುಚ್ಚು ಹಿಡಿಯಲು ಕಾರಣವಿತ್ತು. ಮಗಳು ಶ್ವೇತಾ ತಾನು ದುಡಿಯುವ ಹೋಟೆಲಿನಲ್ಲೇ ಕೆಲಸಕ್ಕಿದ್ದ ಬೆಲಾರಸ್‌ನ ಅಲೆಸ್‌ನನ್ನು ಮೆಚ್ಚಿದ್ದಳು. ಮದುವೆಯಾದ ಮೇಲೆ ಅವನ ಹಳ್ಳಿಯಲ್ಲೇ ಇರುವುದೆಂದಾಗಿತ್ತು. ಅಲ್ಲಿ ಅವನನ್ನು ಸಾಕಿದ ಅಜ್ಜಿಯದ್ದೇ ಕಾರುಬಾರು, ಆ ಅಜ್ಜಿಯೋ ಗುರುತು ಪರಿಚಯವಿಲ್ಲದ ಜನ ಬೇಡವೆಂದು ಕೂತಿದ್ದಳು.

"ಅಜ್ಜಿಗೆ ರಷ್ಯನ್ನೂ ಬರುತ್ತಂತಲ್ಲ ವಾಮನಣ್ಣ, ಅದಕ್ಕಾದ್ರೆ ಬೇಕಾದಷ್ಟು ಆ್ಯಪ್ ಇವೆ," ಎಂದು ನನ್ನ ಮೈಸೂರು ಜಾಣತನ ತೋರಿಸಿದೆ.

"ಇಲ್ಲಿ ಹಿಂದಿಯಲ್ಲಿ ಮಾತಾಡಿದ್ರೆ ಟ್ಯಾಕ್ಸಿ ಸಿಗ್ತದೆ ಮಾರಾಯ್ತಿ. ಸಂಬಂಧ ಸಿಗ್ತದಾ?"

ಇಂಗ್ಲಿಷ್ ಬಲ್ಲವರಿಗೆ ಬೆಲಾರೂಸಿಯನ್ ಕಲಿಸುವ ಸಾಮಗ್ರಿ ಅಂತರ್ಜಾಲದಲ್ಲಿ ಅವರಿಗೆ ಸಿಕ್ಕಿದ್ದು ಇಷ್ಟೇ: ಹಳೆಯ ವ್ಯಾಕರಣವೊಂದರ ಮಸುಕು ಸ್ಕ್ಯಾನು, ಒಂದು ನಿಘಂಟು, ಪ್ರವಾಸಿಗರಿಗೆಂದು ಮಾಡಿದ ಒಂದಿಷ್ಟು ಧ್ವನಿಪಾಠ. "ಮ್ಯೂಸಿಯಂ ಎಲ್ಲಿ ಅಂತ ಉಂಟು, ಊಟ ಆಯ್ತಾ ಅಂತ ಇಲ್ಲ! ಈ ಇಂಗ್ಲಿಷಿನವರು ಯಾರ ಮನೆಗೂ ಹೋಗುದೇ ಇಲ್ವಾ?" ಎಂದು ಕೆಂಡವಾದರು. ಕೊನೆಗೆ ನಿಘಂಟು ಜಾಲಾಡಿ ತಾವೇ ವಾಕ್ಯ ಕಟ್ಟಿಕೊಂಡರು.

ಒಂದು ಭಾನುವಾರ ಅಲೆಸ್ ಅವರ ಮನೆಗೇ ಬಂದು ಅಜ್ಜಿಗೆ ವೀಡಿಯೊ ಕರೆ ಮಾಡಿದ. "ಅಪ್ಪಾ, ಜಸ್ಟ್ ಸೇ ಹಲೋ," ಎಂದು ಶ್ವೇತಾ ಬೇಡಿಕೊಂಡಳು. ವಾಮನಣ್ಣ ಇಸ್ತ್ರಿ ಶರಟು ನೇವರಿಸಿಕೊಂಡು ಗಟ್ಟಿಯಾಗಿ, "ತ್ಸಿ ವೀ ಪಯೇಲಿ?" ಎಂದರು. ಊಟ ಆಯ್ತಾ?

ಅಜ್ಜಿ ದುರುಗುಟ್ಟಿ ನೋಡಿ ಎದ್ದು ಹೋದಳು. ಪರದೆಯಲ್ಲಿ ಬರೀ ಕುರ್ಚಿ.

"ಖಲಾಸ್," ಎಂದು ವಾಮನಣ್ಣ ತಲೆಯ ಮೇಲೆ ಕೈಹೊತ್ತರು. ಶ್ವೇತಾಳ ಕಣ್ಣು ತುಂಬಿತ್ತು.

ಅಷ್ಟರಲ್ಲಿ ಅಜ್ಜಿ ಬಂದಳು, ಕೈಯಲ್ಲಿ ಆಲೂಗಡ್ಡೆ ದೋಸೆಯ ತಟ್ಟೆ. ಅದನ್ನು ಕ್ಯಾಮೆರಾಕ್ಕೆ ಒತ್ತಿ ಹಿಡಿದು ಮೊಮ್ಮಗನಿಗೆ ಒಂದೇ ಸಮ ಬೈಗುಳ. ಊಟದ ಮಾತೆತ್ತಿದವನಿಗೆ ಹಸಿವಾಗಿದೆ ಎಂದೇ ಅವಳ ತೀರ್ಮಾನ. ಹಸಿದ ಹಿರಿಯನನ್ನು ಕೂರಿಸಿಕೊಂಡು ಫೋನು ಮಾಡುತ್ತೀಯಾ, ಮೊದಲು ಅವನಿಗೆ ಬಡಿಸು ಎಂದಳಂತೆ. ಮದುವೆ ಆ ತಟ್ಟೆಯ ಮೇಲೆಯೇ ಗೊತ್ತಾಯಿತು.

ಮದುವೆಗೆ ಹೊರಟ ದಿನ ವಾಮನಣ್ಣನನ್ನು ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟುಬಂದೆ. ಮದುವೆ ಮುಗಿಸಿ ಅವರು ನೇರ ಉಡುಪಿಗೆ ಹೋಗಿ ನೆಲೆಸಿದರು, ಮತ್ತೆ ಸಿಗಲಿಲ್ಲ. "ಎಲ್ಲಾ ಕಲಿತಾಯ್ತಾ ಪಂಡಿತರೇ?" ಎಂದು ಅವತ್ತು ದಾರಿಯಲ್ಲಿ ಕೆಣಕಿದ್ದೆ. ಅವರು ನಗಲಿಲ್ಲ.

"ಒಂದು ಬಾಕಿ ಉಂಟು. ಮಗಳನ್ನು ಚೆಂದ ಮಾಡಿ ನೋಡ್ಕೊಳ್ಳಿ ಅಂತ ಹೇಳ್ಬೇಕು."

"ನಿಘಂಟಲ್ಲಿ ಇಲ್ವಾ?"

"ಉಂಟು. ಬಾಯಿಗೆ ಬರುದಿಲ್ಲ," ಎಂದರು. "ಕನ್ನಡದಲ್ಲೂ ಬರುದಿಲ್ಲ ಮಾರಾಯ್ತಿ."