ಬಲ್ಬಿಗಷ್ಟೇ ಆದ ಇನ್ವರ್ಟರ್

ಅಪ್ಪ ಬ್ಯಾಂಕಿನಲ್ಲಿದ್ದಾರೆ. ಧಾರವಾಡ ಬಿಟ್ಟ ಮೇಲೆ ವಿಶಾಖಪಟ್ಟಣ, ಅಲ್ಲಿಂದ ವಿಜಯವಾಡ. ವರ್ಗಾವಣೆಯ ಮನೆಗಳಲ್ಲಿ ಒಂದು ಕಟ್ಟಳೆ ಇರುತ್ತದೆ: ಲಾರಿಗೆ ಹತ್ತಿಸಲು ತೊಂದರೆ ಕೊಡುವ ಯಾವುದನ್ನೂ ಕೊಳ್ಳಬಾರದು. ಆಸಿಡ್ ತುಂಬಿದ ಇನ್ವರ್ಟರ್ ಬ್ಯಾಟರಿ ಅಂಥವುಗಳಲ್ಲಿ ಮೊದಲನೆಯದು.

ಈ ಏಪ್ರಿಲ್‌ನಲ್ಲಿ ಅಜ್ಜಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮಲಗಿದಲ್ಲೇ ಬೆನ್ನು ಹುಣ್ಣಾಗಬಾರದೆಂದು ಡಾಕ್ಟರು ಗಾಳಿ ಹಾಸಿಗೆ ಹಾಕಿಸಿದರು. ಅದಕ್ಕೊಂದು ಪುಟ್ಟ ಪಂಪು. ಕರೆಂಟ್ ಹೋದರೆ ಪಂಪು ನಿಲ್ಲುತ್ತದೆ, ಹಾಸಿಗೆ ಕುಗ್ಗುತ್ತದೆ, ಅಜ್ಜಿಯ ಬೆನ್ನು ಮಂಚದ ಹಲಗೆಗೆ ತಾಗುತ್ತದೆ. ಮಧ್ಯಾಹ್ನ ಕರೆಂಟ್ ಹೋಗದ ದಿನಗಳನ್ನಷ್ಟೇ ನಾನು ದಿನಚರಿಯಲ್ಲಿ ಗುರುತು ಹಾಕುತ್ತಿದ್ದೆ. ಅವೇ ಕಡಿಮೆ.

"ಅಪ್ಪಾ, ಒಂದು ಇನ್ವರ್ಟರ್ ತರೂಣು."

"ಜೂನ್‌ನ್ಯಾಗ ಟ್ರಾನ್ಸ್‌ಫರ್ ಲಿಸ್ಟ್ ಬರ್ತದ. ಆ ಬ್ಯಾಟರಿ ಮಡಿಲಾಗ ಇಟ್ಕೊಂಡು ರೈಲ್ ಹತ್ತತೀ ಏನು?"

ಹಾಗಾದರೆ ನಾನೇ ಮಾಡುತ್ತೇನೆ ಎಂದು ಹೊರಟೆ. ಕೆಟ್ಟುಹೋದ ಕಂಪ್ಯೂಟರ್ ಯುಪಿಎಸ್‌ನಿಂದ ಟ್ರಾನ್ಸ್‌ಫಾರ್ಮರ್ ಬಿಚ್ಚಿದೆ. ಗುಜರಿ ಅಂಗಡಿಗಳಿರುವ ಆಟೋನಗರ್‌ನಿಂದ ಹಳೆಯ ಕಾರಿನ ಬ್ಯಾಟರಿ ತಂದೆ. ಊರು ಬಿಡುವಾಗ ಅಲ್ಲೇ ಮಾರಿಬಿಡಬಹುದು ಎಂದಾಗ ಅಪ್ಪ ಒಪ್ಪಿದರು. ಒಂದು ವಾರ ಬೆರಳು ಸುಟ್ಟುಕೊಂಡು ಬೆಸುಗೆ ಹಾಕಿದೆ. ಬಲ್ಬು ಉರಿಯಿತು. ಮೊಬೈಲ್ ಚಾರ್ಜ್ ಆಯಿತು. ಎರಡನ್ನೂ ಬರೆದುಕೊಂಡೆ. ಪಂಪು ಜೋಡಿಸಿದ ಕೂಡಲೇ ಗೊಂಯ್‌ಗುಟ್ಟಿ, ಸ್ವಲ್ಪ ಹೊತ್ತಿನಲ್ಲೇ ಮುಟ್ಟಲಾಗದಷ್ಟು ಬಿಸಿಯಾಯಿತು. ಅದಕ್ಕೆ ನುಣುಪಾಗಿ ಏರಿ ಇಳಿಯುವ ಕರೆಂಟ್ ಬೇಕು. ನನ್ನ ಪೆಟ್ಟಿಗೆ ಕೊಡುತ್ತಿದ್ದದ್ದು ಒಮ್ಮೆಲೇ ಏರಿ ಒಮ್ಮೆಲೇ ಬೀಳುವ ಕರೆಂಟ್. ಯಾವ ಬಿಡಿಭಾಗ ಬದಲಿಸಿದರೂ ಅದೇ ಗೊಂಯ್.

ಅಪ್ಪನಿಗೆ ಹೇಳಿದೆ. "ಪರ್ವಾಲೇದು, ಲೈಟ್ ಹತ್ತತದಲ್ಲ," ಎಂದರು. ಈ ಊರುಗಳಿಗೆ ಬಂದ ಮೇಲೆ ಕಲಿತ ಆ ತೆಲುಗು ಮಾತು ಅವರಿಗೆ ಎಲ್ಲದಕ್ಕೂ ಸಾಕಾಗುತ್ತದೆ. ಅಂದು ಸಂಜೆ ಫೋನಿನಲ್ಲಿ ಚಿಕ್ಕಪ್ಪನಿಗೆ ಹೆಮ್ಮೆಯಿಂದ ಹೇಳುತ್ತಿದ್ದರು: "ಇನ್ವರ್ಟರ್ ಚಿಂತಿ ಮುಗೀತು. ಹುಡುಗಿ ಮನ್ಯಾಗ ಮಾಡ್ಯಾಳ."

ಅಜ್ಜಿ ಒಳಗಿನಿಂದ, "ಲೈಟ್ ಹತ್ತಿದ್ರ ನಾ ಏನು ಪೇಪರ್ ಓದಾಕಿ ಏನವ್ವಾ? ಬೆನ್ನು ಉರ್ಯಾಕ ಹತ್ತೇದ," ಎಂದರು.

ಕೊಳ್ಳದೆ ಇರಲು ಅಪ್ಪನಿಗೆ ಮೊದಲು ಒಂದೇ ಕಾರಣವಿತ್ತು. ನಾನು ಕಷ್ಟಪಟ್ಟು ಎರಡನೆಯದನ್ನು ಮಾಡಿಕೊಟ್ಟಿದ್ದೆ. ಇದು ಹೊಳೆದಾಗ ಬಂದ ಸಿಟ್ಟು ಅಪ್ಪನ ಮೇಲೋ ಪೆಟ್ಟಿಗೆಯ ಮೇಲೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಅಜ್ಜಿಯ ಬೆನ್ನ ಕೆಳಗೆ ಕೆಂಪು ಕಲೆ ಮೂಡಿತ್ತು.

ಎರಡನೇ ಶನಿವಾರ, ಅಪ್ಪನಿಗೆ ರಜೆ. ಬೆಳಿಗ್ಗೆಯೇ ಟ್ರಾನ್ಸ್‌ಫಾರ್ಮರ್ ಬಿಚ್ಚಿ ಬ್ಯಾಟರಿಯನ್ನು ಬಾಲ್ಕನಿಗೆ ಎಳೆದೆ. ಊಟದ ಹೊತ್ತಿಗೆ ಕರೆಂಟ್ ಹೋಯಿತು.

"ಲೈಟ್ ಯಾಕ ಹತ್ತವಲ್ದು?"

"ಬಿಚ್ಚಿಟ್ಟೇನಿ."

"ನಡೀತಿತ್ತಲ್ಲ."

"ನಮಗ ನಡೀತಿತ್ತು. ಬರ್ರಿ, ಅಜ್ಜಿನ್ನ ಹೊರಳಿಸೂಣು. ದಿನಾ ಅಮ್ಮ, ನಾನು ಹೊರಳಸ್ತೀವಿ."

ಅಪ್ಪ ಕೈ ತೊಳೆದು ಬಂದರು. ನಾನು ಭುಜ ಹಿಡಿದೆ, ಅವರು ಸೊಂಟ. ಸೀರೆ ಸರಿದಾಗ ಕಲೆ ಕಂಡಿತು. ಅಪ್ಪ ಅದನ್ನೇ ನೋಡಿದರು. ಅಜ್ಜಿ ನರಳಿದಾಗ ಹಿಡಿತ ಸಡಿಲಿಸಿದರು.

"ಯವ್ವಾ, ಯಾಕ ಹೇಳಲಿಲ್ಲ?"

"ದಿನಾ ಹೇಳೇನಪಾ," ಎಂದರು ಅಜ್ಜಿ.

ಅಪ್ಪ ದಿಂಬು ಸರಿಮಾಡಿ, ಇನ್ವರ್ಟರ್ ಅಂಗಡಿ ಮಧ್ಯಾಹ್ನ ಮುಚ್ಚಿರುತ್ತದೋ ಏನೋ ಎಂದು ನನ್ನನ್ನು ಕೇಳಿದರು. ತೆರೆದಿರುತ್ತದೆ ಎಂದೆ. ಊಟ ಅರ್ಧಕ್ಕೇ ಬಿಟ್ಟು ಚಪ್ಪಲಿ ಮೆಟ್ಟಿ ಹೋದರು. ಕರೆಂಟ್ ಬರುವವರೆಗೆ ಅಜ್ಜಿಯನ್ನು ಮಗ್ಗುಲಾಗಿ ಹಿಡಿದುಕೊಂಡು ಕೂತೆ.