ಗಲಾಟೆಯಿಲ್ಲದ ಮನೆಗೆ ಮೈಕು

ಗಿಟಾರ್ ಮೇಷ್ಟ್ರು ಮೈಕು ಕೊಳ್ಳಲು ಹೋದಾಗಲೆಲ್ಲ ಅಂಗಡಿಯವರು ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಮನೇಲಿ ಗಲಾಟೆ ಇದೆಯಾ?"

ಇತ್ತು. ಪಾತ್ರೆಯನ್ನು ಸದ್ದಿಲ್ಲದೆ ಇಡುವುದು ಮೇಷ್ಟ್ರ ಹೆಂಡತಿಗೆ ಜನ್ಮದಲ್ಲೇ ಬರಲಿಲ್ಲ. ಪರವೂರಿನ ತಂಗಿಯ ಜೊತೆ ಮಾತಾಡಲು ಅವಳಿಗೆ ಫೋನೇ ಬೇಕಿರಲಿಲ್ಲ, ಕಿಟಕಿ ತೆರೆದರೆ ಸಾಕಿತ್ತು. ಪಾಠ ರೆಕಾರ್ಡ್ ಮಾಡುವ ಮೊದಲು ಮೇಷ್ಟ್ರು ಅಡುಗೆಮನೆಯ ಕಡೆ ಕೂಗುವರು: "ಐದು ನಿಮಿಷ ಸುಮ್ನಿರ್ತೀಯೇನೇ?" "ನಾನೇನ್ ಮಾಡ್ದೆ?" ಎಂಬ ಉತ್ತರದ ಜೊತೆಗೇ ಒಂದು ಮುಚ್ಚಳ ಬೀಳುತ್ತಿತ್ತು. ಹಾಗಾಗಿ ಅವರು ಯಾವಾಗಲೂ ಕೊಳ್ಳುತ್ತಿದ್ದುದು ಎದುರಿಗಿರುವುದನ್ನು ಬಿಟ್ಟು ಬೇರೇನೂ ಕೇಳಿಸದ ಮಂದಗಿವಿಯ ಮೈಕು.

ಈ ಸಲ ಅವರು, "ಇಲ್ಲ. ಹೋದ ತಿಂಗಳು ಅವಳು ತೀರ್ಕೊಂಡ್ಲು," ಎಂದರು, ಯಾವ ತಂತಿ ಬೇಕೆಂದು ಹೇಳುವ ದನಿಯಲ್ಲೇ.

ಅಂಗಡಿಯವರು ಮೇಲಿನ ಗೂಡಿನಿಂದ ಬೇರೊಂದು ಪೆಟ್ಟಿಗೆ ಇಳಿಸಿದರು. "ಹಾಗಾದ್ರೆ ಇದು ತಗೊಳ್ಳಿ ಮೇಷ್ಟ್ರೇ. ಬೆರಳು ತಂತಿ ಮೇಲೆ ಜಾರೋದೂ ಕೇಳಿಸುತ್ತೆ. ಪಕ್ಕದ ಕೋಣೇಲಿ ಸೂಜಿ ಬಿದ್ರೂ ಬಿಡಲ್ಲ."

ಮನೆಗೆ ಬಂದು ಮೇಷ್ಟ್ರು ಮೈಕನ್ನು ಗಿಟಾರಿಗೆ ಕೊಂಚ ಓರೆಯಾಗಿ ನಿಲ್ಲಿಸಿ, ರೆಕಾರ್ಡ್ ಗುಂಡಿ ಒತ್ತಿ, ಒಂದು ಪಾಠ ನುಡಿಸಿದರು. ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ಮೊದಲಿಗೇ ಬಂದದ್ದು ಅವರದೇ ದನಿ: "ಐದು ನಿಮಿಷ ಸುಮ್ನಿರ್ತೀಯೇನೇ?" ಹಾಗೆ ಕೂಗಿದ್ದು ಅವರಿಗೆ ನೆನಪೇ ಇರಲಿಲ್ಲ.

ಅಡುಗೆಮನೆಯಿಂದ ಏನೂ ಕೇಳಿಸಲಿಲ್ಲ. ಹೊಸ ಮೈಕು ಅದನ್ನೂ ಚೊಕ್ಕವಾಗಿ ಹಿಡಿದಿತ್ತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಹೆಂಡತಿ ಅವರ ಮಾತು ಕೇಳಿದ್ದಳು.